ಅಕ್ಷರದಿಂದ ಅರ್ಥದವರೆಗೆ: ಎಳೆಯ ಮಕ್ಕಳ ಕನ್ನಡ ಓದು ಬೆಳೆಯುವ ಬಗೆ

ಎರಡನೇ ತರಗತಿಯ ಮಗುವೊಂದು ಪಾಠವನ್ನು ಎಲ್ಲೂ ತಡವರಿಸದೆ ಓದಿ ಮುಗಿಸುತ್ತದೆ. ಅದೇ ಪಾಠದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು ಪುಟ್ಟಾ?’ ಎಂದು ಕೇಳಿದರೆ, ಸಾಲಿನ ಮೊದಲಿನಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬಂದು ಆ ಪದವನ್ನು ಮುಟ್ಟುತ್ತದೆ. ಪಕ್ಕದಲ್ಲಿ ಕುಳಿತ ಇನ್ನೊಂದು ಮಗು ಹೊಸ ಪುಸ್ತಕದ ಯಾವ ಪುಟ ತೆರೆದರೂ ಅಕ್ಷರ ತಪ್ಪದೆ ಓದಬಲ್ಲದು, ಆದರೆ ‘ಕಥೆಯಲ್ಲಿ ಏನಾಯಿತು?’ ಎಂದರೆ ಸುಮ್ಮನಾಗುತ್ತದೆ. ಹೊರನೋಟಕ್ಕೆ ಇಬ್ಬರೂ ಓದುವ ಮಕ್ಕಳೇ. ಮೊದಲ ಮಗುವಿಗೆ ಪಾಠ ಬಾಯಿಪಾಠವಾಗಿದೆಯೇ ಹೊರತು ಪದ ಗುರುತಿಸುವ ಶಕ್ತಿ ಬಂದಿಲ್ಲ. ಎರಡನೆಯದಕ್ಕೆ ಪದಗಳು ಗೊತ್ತಾಗುತ್ತಿವೆ, ಅರ್ಥ ಕೈಗೆ ಹತ್ತುತ್ತಿಲ್ಲ. ಈ ಎರಡು ತೊಂದರೆಗಳ ಕಾರಣ ಬೇರೆ, ಪರಿಹಾರವೂ ಬೇರೆ. ‘ಇನ್ನೂ ಹತ್ತು ಸಲ ಓದು’ ಎಂಬ ಒಂದೇ ಔಷಧವನ್ನು ಇಬ್ಬರಿಗೂ ಕೊಡುವುದರಿಂದ ಇಬ್ಬರಿಗೂ ಪ್ರಯೋಜನವಾಗುವುದಿಲ್ಲ.

ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಓದನ್ನು ಒಂದು ಸರಳ ಗುಣಾಕಾರವಾಗಿ ವಿವರಿಸಿದರು: ಬರಹವನ್ನು ಪದಗಳಾಗಿ ಬಿಡಿಸಿಕೊಳ್ಳುವ ಸಾಮರ್ಥ್ಯವನ್ನು, ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವ ಸಾಮರ್ಥ್ಯದಿಂದ ಗುಣಿಸಿದರೆ ಸಿಗುವುದೇ ಓದಿನ ಗ್ರಹಿಕೆ. ಅವರು ಕೂಡುವ ಬದಲು ಗುಣಿಸಿದ್ದಕ್ಕೆ ಕಾರಣವಿದೆ. ಎರಡರಲ್ಲಿ ಯಾವುದು ಸೊನ್ನೆಯಾದರೂ ಉತ್ತರ ಸೊನ್ನೆಯೇ. ನಮ್ಮ ಮನೆ ಮತ್ತು ಶಾಲೆಗಳಲ್ಲಿ ‘ಮೊದಲು ವರ್ಣಮಾಲೆ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ, ಅದೆಲ್ಲ ಮುಗಿದ ಮೇಲೆ ಓದು ಮತ್ತು ಅರ್ಥ’ ಎಂಬ ಕ್ರಮ ಬಲವಾಗಿ ಬೇರೂರಿದೆ. ಗುಣಾಕಾರದ ಒಂದು ಪಾಲನ್ನು ಎರಡು ಮೂರು ವರ್ಷ ಕಾಲ ಬದಿಗಿರಿಸುವ ಈ ಕ್ರಮವೇ ಅನೇಕ ಮಕ್ಕಳ ಓದನ್ನು ಕುಂಠಿತಗೊಳಿಸುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎರಡೂ ಮೊದಲ ದಿನದಿಂದಲೇ ಜೊತೆಜೊತೆಯಾಗಿ ಸಾಗಬೇಕು.

ಕನ್ನಡದಲ್ಲಿ ಪದ ಗುರುತಿಸುವುದೆಂದರೆ ಮಗುವಿನ ಮುಂದೆ ಎಷ್ಟು ಕೆಲಸವಿದೆ ಎಂಬುದನ್ನು ದೊಡ್ಡವರಾದ ನಾವು ಮರೆತಿರುತ್ತೇವೆ. ವರ್ಣಮಾಲೆಯಲ್ಲಿ 13 ಸ್ವರಗಳು, 2 ಯೋಗವಾಹಗಳು, 34 ವ್ಯಂಜನಗಳು, ಒಟ್ಟು 49 ಅಕ್ಷರಗಳಿವೆ. ಪ್ರತಿ ವ್ಯಂಜನಕ್ಕೂ ಸ್ವರಚಿಹ್ನೆಗಳು ಸೇರಿದಾಗ ಕಾಗುಣಿತವೊಂದರಲ್ಲೇ ನಾನೂರಕ್ಕೂ ಹೆಚ್ಚು ರೂಪಗಳಾಗುತ್ತವೆ; ಒತ್ತಕ್ಷರಗಳು ಇದಕ್ಕೆ ಹೊರತು. ಕನ್ನಡ ಮಕ್ಕಳ ಓದನ್ನು ಹತ್ತಿರದಿಂದ ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯು, ಅಕ್ಷರಗಳ ಈ ಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೇ ತರಗತಿಯಾಚೆಗೂ ಮುಂದುವರಿಯುತ್ತದೆ ಎಂದು ತೋರಿಸಿತು. ಆದುದರಿಂದ ಒಂದನೇ ತರಗತಿಯ ಕೊನೆಗೆ ಎಲ್ಲ ಅಕ್ಷರ ಬರಲಿಲ್ಲವೆಂದು ಮಗುವನ್ನು ಗದರಿಸುವುದು ನ್ಯಾಯವಲ್ಲ. ಎಲ್ಲ ಅಕ್ಷರ ಬರುವವರೆಗೆ ಕಥೆ ಪುಸ್ತಕ ಕೊಡದಿರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಈ ವಿಷಯದಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳು ಬಹಳ ಹಿಂದೆಯೇ ಒಂದು ಒಳ್ಳೆಯ ದಾರಿಯನ್ನು ಕಂಡುಕೊಂಡಿವೆ. 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯನ್ನು ಬಲ್ಲ ಶಿಕ್ಷಕರಿಗೆ ‘ರ ಗ ಸ ದ ಅ’ ಎಂಬ ಸಾಲು ಚಿರಪರಿಚಿತ. ಅ, ಆ, ಇ, ಈ ಎಂದು ಆರಂಭಿಸದೆ, ಬರೆಯಲು ಸುಲಭವಾದ ಮತ್ತು ಕೂಡಿಸಿದೊಡನೆ ಪದವಾಗುವ ಅಕ್ಷರಗಳನ್ನು ಮೊದಲು ಕಲಿಸುವ ಕ್ರಮವಿದು. ಈ ಐದೇ ಅಕ್ಷರಗಳಿಂದ ಸರ, ರಸ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮುಂದಿನ ‘ಜ ವ ಮ ಬ ನ’ ಸೇರಿದರೆ ಮರ, ಜನ, ವನ, ಬಸವ, ನಗರ, ಸಮರ ಹೀಗೆ ಪಟ್ಟಿ ಬೆಳೆಯುತ್ತದೆ. ವರ್ಣಮಾಲೆಯ ಕ್ರಮಕ್ಕೆ ಶಾಸ್ತ್ರೀಯವಾದ ಸೊಗಸು ಇದೆ, ನಿಘಂಟು ನೋಡಲು ಅದು ಬೇಕೇ ಬೇಕು. ಆದರೆ ಓದಲು ಕಲಿಯುವ ಮಗುವಿಗೆ ಮೊದಲ ವಾರದಲ್ಲೇ ‘ನಾನು ಒಂದು ಪದ ಓದಿದೆ’ ಎಂಬ ಅನುಭವ ಬೇಕು. ಅ ಇಂದ ಅಃ ವರೆಗಿನ ಸಾಲಿನಿಂದ ಆ ಅನುಭವ ಸಿಗುವುದಿಲ್ಲ.

ಕಾಗುಣಿತದ ವಿಷಯದಲ್ಲೂ ಇದೇ ಮಾತು. ಕ ಕಾ ಕಿ ಕೀ ಎಂದು ರಾಗವಾಗಿ ಹೇಳುವ ಮಗು ಆ ರಾಗವನ್ನು ಕಲಿತಿರುತ್ತದೆ. ಗುಡಿಸು ಎಂಬ ಚಿಹ್ನೆ ಯಾವ ಅಕ್ಷರದ ತಲೆಯ ಮೇಲೆ ಕುಳಿತರೂ ಒಂದೇ ಸ್ವರವನ್ನು ಹೇಳುತ್ತದೆ ಎಂಬ ತಿಳಿವು ಅದರಿಂದ ಹುಟ್ಟಬೇಕೆಂದೇನೂ ಇಲ್ಲ. ಒಂದು ವ್ಯಂಜನದ ಎಲ್ಲ ರೂಪಗಳ ಬದಲು, ಒಂದು ಸ್ವರಚಿಹ್ನೆಯನ್ನು ಗೊತ್ತಿರುವ ಹಲವು ವ್ಯಂಜನಗಳಿಗೆ ಸೇರಿಸುತ್ತ ಹೋಗುವುದು ಹೆಚ್ಚು ಫಲ ಕೊಡುತ್ತದೆ. ದೀರ್ಘದ ಇಳಿಯನ್ನು ಕಲಿಸುವ ದಿನ ಸರ ಬರೆದು ಪಕ್ಕದಲ್ಲಿ ಸಾರ, ದರದ ಪಕ್ಕದಲ್ಲಿ ದಾರ, ಬಳೆಯ ಪಕ್ಕದಲ್ಲಿ ಬಾಳೆ, ನಡು ಎಂಬುದರ ಪಕ್ಕದಲ್ಲಿ ನಾಡು ಎಂದು ಬರೆದರೆ, ಒಂದು ಗೆರೆ ಅರ್ಥವನ್ನೇ ಬದಲಿಸಿಬಿಡುತ್ತದೆ ಎಂಬುದು ಮಗುವಿಗೆ ಕಣ್ಣಿಗೂ ಕಿವಿಗೂ ಒಟ್ಟಿಗೇ ತಿಳಿಯುತ್ತದೆ. ಹ್ರಸ್ವ ದೀರ್ಘಗಳ ತಪ್ಪು ಕನ್ನಡದಲ್ಲಿ ಸಣ್ಣ ತಪ್ಪಲ್ಲ. ಹುಳು ಮತ್ತು ಹೂಳು, ಕೊಡು ಮತ್ತು ಕೋಡು ಬೇರೆ ಬೇರೆ ಪದಗಳು. ‘ಕೋ’ ಎಂಬ ಒಂದು ಅಕ್ಷರದಲ್ಲಿ ಎತ್ವ, ಕೊಂಬಿನಿಳಿ, ದೀರ್ಘ ಎಂಬ ಮೂರು ಚಿಹ್ನೆಗಳು ತಲೆಯ ಮೇಲೂ ಬಲಕ್ಕೂ ಹರಡಿಕೊಂಡಿರುತ್ತವೆ. ಮೂರನ್ನೂ ಒಟ್ಟಿಗೆ ನೋಡಿ ಒಂದೇ ಸ್ವರವನ್ನು ನುಡಿಯಬೇಕು. ಇದಕ್ಕೆ ಸಮಯ ಹಿಡಿಯುವುದು ಸಹಜ.

ಒತ್ತಕ್ಷರಗಳಲ್ಲಿ ಮಕ್ಕಳು ಎಡವುವುದಕ್ಕೂ ಕಾರಣ ಲಿಪಿಯಲ್ಲೇ ಇದೆ. ಮಗು ‘ಸೂರ್ಯ’ವನ್ನು ‘ಸೂಯ್ರ’ ಎಂದು ಓದಿದರೆ ಅದು ಗಮನವಿಲ್ಲದ್ದರಿಂದ ಆದ ತಪ್ಪಲ್ಲ. ಅರ್ಕಾವತ್ತು ಕಣ್ಣಿಗೆ ಯಕಾರದ ಆಮೇಲೆ ಕಾಣುತ್ತದೆ, ಉಚ್ಚಾರಣೆಯಲ್ಲಿ ಮೊದಲು ಬರುತ್ತದೆ, ಮಗು ಕಂಡ ಕ್ರಮದಲ್ಲೇ ಪ್ರಾಮಾಣಿಕವಾಗಿ ಓದಿದೆ. ‘ಆಸ್ತಿ’ ಎಂಬಲ್ಲಿ ಗುಡಿಸು ಸಕಾರದ ಮೇಲೆ ಕುಳಿತಿರುತ್ತದೆ, ಆದರೆ ಆ ಇಕಾರ ಸೇರಬೇಕಾದದ್ದು ಕೆಳಗಿನ ತಕಾರಕ್ಕೆ. ‘ಆಸಿತ’ ಎಂದು ಓದುವ ಮಗುವಿನ ತರ್ಕ ಇಲ್ಲಿ ಸ್ಪಷ್ಟವಾಗಿದೆ. ಜೊತೆಗೆ ತ, ನ, ಮ, ಯ, ರ, ಲ ಇವುಗಳ ಒತ್ತುಗಳು ಮೂಲ ಅಕ್ಷರವನ್ನು ಹೋಲುವುದೂ ಇಲ್ಲ. ತಪ್ಪಿನ ಹಿಂದಿನ ಈ ಕಾರಣ ಗೊತ್ತಿರುವ ಶಿಕ್ಷಕರು ‘ತಪ್ಪು’ ಎಂದು ಹೇಳಿ ಮುಂದೆ ಹೋಗದೆ, ಯಾವ ಚಿಹ್ನೆಯನ್ನು ಯಾವಾಗ ನುಡಿಯಬೇಕೆಂದು ಆ ಪದದಲ್ಲೇ ತೋರಿಸುತ್ತಾರೆ. ಇನ್ನೊಂದು ವಿಚಾರವನ್ನೂ ಇಲ್ಲಿ ಹೇಳಬೇಕು: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ ಇವೆಲ್ಲ ಒತ್ತಕ್ಷರದ ಪದಗಳು. ಮಗುವಿಗೆ ಅತ್ಯಂತ ಆಪ್ತವಾದ ಪದಗಳನ್ನು ಒತ್ತಕ್ಷರದ ಪಾಠ ಬರುವವರೆಗೆ ಕಾಯಿಸುವುದು ಬೇಡ. ತನ್ನ ಹೆಸರು, ಅಮ್ಮನ ಹೆಸರು, ಊರಿನ ಹೆಸರು, ಬಸ್ಸಿನ ಬೋರ್ಡು, ಅಂಗಡಿಯ ಫಲಕ ಇಂಥವನ್ನು ಮಗು ಇಡಿಯಾಗಿ ಗುರುತಿಸಲಿ. ಅಕ್ಷರ ಬಿಡಿಸಿ ಓದುವ ಅಭ್ಯಾಸಕ್ಕೆ ಇದು ಬದಲಿಯಲ್ಲ, ಆದರೆ ಬರಹವೆಂದರೆ ಮಾತೇ ಎಂಬ ಅರಿವು ಮೂಡುವುದು ಹೀಗೆಯೇ.

ಬಿಡಿಸಿ ಓದಿದ ಪದ, ನೋಡಿದೊಡನೆ ಗುರುತಾಗುವ ಪದವಾಗಿ ಬದಲಾಗುವುದು ಹೇಗೆ? ಡೇವಿಡ್ ಶೇರ್ ಎಂಬ ಸಂಶೋಧಕರು 1995ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು: ಮಗು ತಾನೇ ಕಷ್ಟಪಟ್ಟು ಬಿಡಿಸಿ ಸರಿಯಾಗಿ ಓದಿದ ಪ್ರತಿ ಸಲವೂ ಆ ಪದದ ಬರಹ ರೂಪ ನೆನಪಿನಲ್ಲಿ ಗಟ್ಟಿಯಾಗುತ್ತದೆ, ಹೀಗೆ ಓದು ತನ್ನನ್ನು ತಾನೇ ಕಲಿಸಿಕೊಳ್ಳುತ್ತದೆ. ಇದರಿಂದ ದೊಡ್ಡವರಿಗೆ ದೊರೆಯುವ ಸೂಚನೆ ಬಹಳ ನೇರವಾದದ್ದು. ಮಗು ತಡವರಿಸಿದಾಗ ತಕ್ಷಣ ಪದವನ್ನು ಹೇಳಿಕೊಡಬಾರದು, ಸ್ವಲ್ಪ ಕಾಯಬೇಕು. ಆಗಲೂ ಬಾರದಿದ್ದರೆ ಮೊದಲ ಅಕ್ಷರದ ಮೇಲೆ ಬೆರಳಿಡಬೇಕು, ಕಷ್ಟವಾದ ಚಿಹ್ನೆಯನ್ನು ತೋರಿಸಬೇಕು. ಪದ ಬಂದ ಮೇಲೆ ವಾಕ್ಯವನ್ನು ಮೊದಲಿನಿಂದ ಮತ್ತೊಮ್ಮೆ ಓದಿಸಬೇಕು, ಇಲ್ಲವಾದರೆ ಅರ್ಥದ ಎಳೆ ಹರಿದೇ ಉಳಿಯುತ್ತದೆ. ‘ಚಿತ್ರ ನೋಡಿ ಊಹಿಸು’ ಎನ್ನುವುದು ಬೇಡ. ಚಿತ್ರದಲ್ಲಿ ನಾಯಿ ಇದೆಯೆಂದು ‘ಕುನ್ನಿ’ಯನ್ನು ‘ನಾಯಿ’ ಎಂದು ಓದುವ ಮಗು ಪದವನ್ನು ನೋಡಿಯೇ ಇರುವುದಿಲ್ಲ.

ಕನ್ನಡ ಪದಗಳ ಉದ್ದವೂ ಓದಿಗೆ ಒಂದು ಸವಾಲು. ‘ಮನೆ’ ಎಂಬುದನ್ನು ಥಟ್ಟನೆ ಓದುವ ಮಗು ‘ಮನೆಯಲ್ಲಿರುವವರಿಗೆಲ್ಲ’ ಎಂಬಲ್ಲಿಗೆ ಬಂದಾಗ ಅಕ್ಷರ ಅಕ್ಷರವಾಗಿ ಮುನ್ನಡೆದು, ಕೊನೆ ಮುಟ್ಟುವಷ್ಟರಲ್ಲಿ ಆರಂಭವನ್ನು ಮರೆತಿರುತ್ತದೆ. ಇಂಥ ಪದವನ್ನು ಕಪ್ಪು ಹಲಗೆಯ ಮೇಲೆ ಮನೆ, ಮನೆಯಲ್ಲಿ, ಮನೆಯಲ್ಲಿರುವ, ಮನೆಯಲ್ಲಿರುವವರು, ಮನೆಯಲ್ಲಿರುವವರಿಗೆ ಎಂದು ಒಂದರ ಕೆಳಗೊಂದು ಬೆಳೆಸುತ್ತ ಬರೆದರೆ ಮಗುವಿಗೆ ಪದದೊಳಗಿನ ಜೋಡಣೆ ಕಾಣುತ್ತದೆ. ಅಲ್ಲಿ, ಇಂದ, ಗೆ, ಅನ್ನು, ಗಳು ಇಂಥ ತುದಿಗಳು ಸಾವಿರಾರು ಪದಗಳಲ್ಲಿ ಬರುವುದರಿಂದ ಅವು ಒಂದೇ ನೋಟಕ್ಕೆ ಗುರುತಾಗುವಂತಾದರೆ ಓದಿನ ಅರ್ಧ ಭಾರ ಇಳಿಯುತ್ತದೆ. ಇದು ಗ್ರಹಿಕೆಗೂ ಬೇಕಾದ ಪಾಠ. ಯಾರು ಯಾರಿಗೆ ಏನು ಮಾಡಿದರು ಎಂಬುದನ್ನು ಕನ್ನಡ ಹೇಳುವುದು ಈ ತುದಿಗಳ ಮೂಲಕವೇ.

ನಿರರ್ಗಳತೆ ಬೇಕು, ಅದರಲ್ಲಿ ಅನುಮಾನವಿಲ್ಲ. ಅಕ್ಷರ ಬಿಡಿಸುವುದಕ್ಕೇ ಮನಸ್ಸೆಲ್ಲ ವ್ಯಯವಾದರೆ ಅರ್ಥಕ್ಕೆ ಏನೂ ಉಳಿಯುವುದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಯೋಜನೆಯು ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕೆಂಬ ಗುರಿಯನ್ನು ಇಟ್ಟಿತು. ಆದರೆ ಹಿಂದಿಯಲ್ಲಿ ಎರಡು ಮೂರು ಪದಗಳಾಗಿ ಬಿಡಿಯಾಗಿ ನಿಲ್ಲುವುದು ಕನ್ನಡದಲ್ಲಿ ಪ್ರತ್ಯಯ ಸೇರಿ ಒಂದೇ ಪದವಾಗಿರುತ್ತದೆ; ಪದಗಳನ್ನು ಎಣಿಸಿ ಎರಡು ಭಾಷೆಗಳ ಮಕ್ಕಳನ್ನು ಹೋಲಿಸಲಾಗದು. 2022ರಲ್ಲಿ 20 ಭಾಷೆಗಳಲ್ಲಿ ನಡೆದ ರಾಷ್ಟ್ರೀಯ ಬುನಾದಿ ಕಲಿಕಾ ಅಧ್ಯಯನವು ಪ್ರತಿ ಭಾಷೆಗೂ ಪ್ರತ್ಯೇಕ ಮಾನದಂಡ ನಿಗದಿ ಮಾಡಿದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಮನೆಯಲ್ಲಂತೂ ಗಡಿಯಾರ ಹಿಡಿದು ಕೂರುವ ಅಗತ್ಯವೇ ಇಲ್ಲ. ಮಗು ಮೆಚ್ಚಿದ ಒಂದು ಚಿಕ್ಕ ಕಥೆಯನ್ನು ಕೆಲವು ದಿನ ಮತ್ತೆ ಮತ್ತೆ ಓದಿದರೆ ವೇಗ ತಾನಾಗಿ ಬರುತ್ತದೆ. ಮಾತನಾಡುವಾಗಿನ ಏರಿಳಿತ ಓದಿನಲ್ಲೂ ಬಂದಿದೆಯೇ, ಪೂರ್ಣವಿರಾಮದ ಬಳಿ ದನಿ ಇಳಿಯುತ್ತಿದೆಯೇ ಎಂಬುದು ನಿಮಿಷದ ಲೆಕ್ಕಕ್ಕಿಂತ ನಂಬಿಕೆಗೆ ಅರ್ಹವಾದ ಗುರುತು.

ಈಗ ಗುಣಾಕಾರದ ಎರಡನೇ ಪಾಲು. ಗ್ರಹಿಕೆಯನ್ನು ನಾವು ಬಹುಮಟ್ಟಿಗೆ ಪ್ರಶ್ನೋತ್ತರಗಳ ಮೂಲಕ ಅಳೆಯುತ್ತೇವೆ, ಮತ್ತು ಆ ಪ್ರಶ್ನೆಗಳು ನಮ್ಮನ್ನು ಮೋಸಗೊಳಿಸುತ್ತವೆ. ಈ ವಾಕ್ಯವನ್ನು ನೋಡಿ: ‘ಗಿಮಳವು ಚೋಪನಿಗೆ ಲಾಟಗವನ್ನು ಕೊಟ್ಟಿತು.’ ಗಿಮಳವು ಚೋಪನಿಗೆ ಏನನ್ನು ಕೊಟ್ಟಿತು? ಲಾಟಗವನ್ನು. ಯಾರಿಗೆ ಕೊಟ್ಟಿತು? ಚೋಪನಿಗೆ. ಅರ್ಥವೇ ಇಲ್ಲದ ಪದಗಳಿಂದ ಕಟ್ಟಿದ ವಾಕ್ಯದ ಮೇಲೆ ಪೂರ್ಣ ಅಂಕ ಪಡೆಯಬಹುದು, ಏಕೆಂದರೆ ಉತ್ತರವನ್ನು ಪ್ರತ್ಯಯ ನೋಡಿ ಎತ್ತಿ ಬರೆದರೆ ಸಾಕು. ಪಾಠದ ಕೊನೆಯ ಅಭ್ಯಾಸದಲ್ಲಿ ಎಲ್ಲ ಉತ್ತರ ಸರಿ ಬರೆದ ಮಗುವಿಗೆ ಪಾಠ ಅರ್ಥವಾಗಿದೆ ಎಂದು ಹೇಳಲಾಗದಿರುವುದು ಈ ಕಾರಣದಿಂದ.

ನಿಜವಾದ ಗ್ರಹಿಕೆಗೆ ಏನು ಬೇಕೆಂದು ತಿಳಿಯಲು ಇನ್ನೊಂದು ಉದಾಹರಣೆ: ‘ಕಣದಲ್ಲಿ ರಾಗಿ ರಾಶಿ ಬಿದ್ದಿತ್ತು. ಗಾಳಿ ಬೀಸಲಿಲ್ಲ. ಅಜ್ಜ ಮೊರವನ್ನು ಕೆಳಗಿಟ್ಟು ಮರದ ನೆರಳಿಗೆ ಹೋಗಿ ಕುಳಿತರು.’ ಅಜ್ಜ ಏಕೆ ಕುಳಿತರು? ಒಕ್ಕಣೆ ನೋಡಿದ ಹಳ್ಳಿಯ ಮಗು ಕೂಡಲೇ ಹೇಳುತ್ತದೆ: ಗಾಳಿ ಇಲ್ಲದೆ ತೂರಲು ಆಗುವುದಿಲ್ಲ, ಹೊಟ್ಟು ಹಾರುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗು, ಅಥವಾ ಹೊರದೇಶದಲ್ಲಿ ವಾರಕ್ಕೊಮ್ಮೆ ಕನ್ನಡ ಕಲಿಯುವ ಮಗು, ಪ್ರತಿ ಪದವನ್ನೂ ಸರಿಯಾಗಿ ಓದಿ ‘ಅಜ್ಜನಿಗೆ ಸೆಕೆಯಾಯಿತು’ ಎನ್ನಬಹುದು. ಆ ಉತ್ತರ ದಡ್ಡತನದ್ದಲ್ಲ. ವಾಕ್ಯಗಳ ನಡುವೆ ಬರೆಯದೆ ಬಿಟ್ಟಿರುವುದನ್ನು ತುಂಬಿಕೊಳ್ಳಲು ಆ ಮಗುವಿನ ಬಳಿ ಅಗತ್ಯವಾದ ಲೋಕಜ್ಞಾನವಿಲ್ಲ, ಅಷ್ಟೇ. ಇದೇ ಹಳ್ಳಿಯ ಮಗು ಲಿಫ್ಟ್ ಕೆಟ್ಟ ಕಥೆಯಲ್ಲಿ ಕಂಗಾಲಾಗಬಹುದು. ರೆಕ್ಟ್ ಮತ್ತು ಲೆಸ್ಲಿ ಎಂಬುವರು 1988ರಲ್ಲಿ ಅಮೆರಿಕದ 64 ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಲು ಕೊಟ್ಟಾಗ, ಆಟವನ್ನು ಬಲ್ಲ ದುರ್ಬಲ ಓದುಗರು ಆಟ ಗೊತ್ತಿಲ್ಲದ ಉತ್ತಮ ಓದುಗರಿಗಿಂತ ಚೆನ್ನಾಗಿ ನೆನಪಿಟ್ಟು ಹೇಳಿದರು. ಪರಿಸರ ಅಧ್ಯಯನ, ಹೊಲ ತೋಟದ ತಿರುಗಾಟ, ಸಂತೆಯ ಮಾತು, ಅಡುಗೆಮನೆಯ ಸಹಾಯ ಇವೆಲ್ಲ ಓದಿನ ಪಾಠಗಳೇ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಮನೆಮಾತು ಮತ್ತು ಪುಸ್ತಕದ ಮಾತಿನ ನಡುವಿನ ದೂರವನ್ನೂ ಮರೆಯುವಂತಿಲ್ಲ. ಕಲಬುರಗಿಯ ಮಗು ‘ಬರಲಿಕ್ಕತ್ತಾನ’ ಎನ್ನುತ್ತದೆ, ಪುಸ್ತಕ ‘ಬರುತ್ತಿದ್ದಾನೆ’ ಎನ್ನುತ್ತದೆ. ಹಳೆ ಮೈಸೂರಿನ ಕಡೆಯ ಮಗು ‘ಹಾಲು’ ಎಂಬುದನ್ನು ನೋಡಿ ‘ಆಲು’ ಎಂದರೆ ಅದು ಪದವನ್ನು ಸರಿಯಾಗಿ ಗುರುತಿಸಿ ತನ್ನ ಮನೆಯ ಉಚ್ಚಾರಣೆಯಲ್ಲಿ ಹೇಳಿದೆ. ಇದನ್ನು ಓದಿನ ತಪ್ಪೆಂದು ಎಣಿಸಬಾರದು. ತುಳು, ಲಂಬಾಣಿ, ಉರ್ದು, ಕೊಂಕಣಿ, ಕೊಡವ ಮನೆಮಾತಿನ ಮಕ್ಕಳಿಗಂತೂ ಕನ್ನಡ ಪುಸ್ತಕದ ಭಾಷೆ ಇನ್ನೂ ದೂರದ್ದು. ಇದಕ್ಕೆ ಪರಿಣಾಮಕಾರಿಯಾದ ಒಂದು ಉಪಾಯವಿದೆ: ಮಗು ತನ್ನ ಅನುಭವವನ್ನು ತನ್ನ ಮಾತಿನಲ್ಲಿ ಹೇಳಲಿ, ಶಿಕ್ಷಕರು ಅದನ್ನು ಹಾಗೆಯೇ ಬರೆಯಲಿ, ಮಗು ಅದನ್ನು ಓದಲಿ. ‘ನಾ ನಿನ್ನೆ ಅಜ್ಜಿ ಮನಿಗ್ ಹೋಗಿದ್ನಿ’ ಎಂಬುದು ತನ್ನದೇ ಮಾತಾದ್ದರಿಂದ ಮಗು ಅದನ್ನು ಅರ್ಥಸಹಿತ ಓದುತ್ತದೆ. ಅದರ ಕೆಳಗೆ ‘ನಾನು ನಿನ್ನೆ ಅಜ್ಜಿಯ ಮನೆಗೆ ಹೋಗಿದ್ದೆ’ ಎಂದು ಬರೆದರೆ ಎರಡು ಕನ್ನಡಗಳ ನಡುವೆ ದಾರಿ ತೆರೆಯುತ್ತದೆ, ಮನೆಯ ಮಾತು ಕೀಳೆಂಬ ಭಾವನೆಯೂ ಮೂಡುವುದಿಲ್ಲ.

ಮಗು ತಾನೇ ಓದಬಲ್ಲ ಪದಗಳು ‘ಸರ, ಮರ’ದ ಹಂತದಲ್ಲಿರುವಾಗಲೇ ಅದರ ಕಿವಿ ದೊಡ್ಡ ಕಥೆಗಳನ್ನು ಅರ್ಥಮಾಡಿಕೊಳ್ಳಬಲ್ಲದು. ಆದ್ದರಿಂದ ಅಕ್ಷರ ಕಲಿಕೆ ನಡೆಯುತ್ತಿರುವ ಆ ಎರಡು ಮೂರು ವರ್ಷಗಳಲ್ಲಿ ಗ್ರಹಿಕೆಯನ್ನು ಬೆಳೆಸುವ ಮುಖ್ಯ ಸಾಧನವೆಂದರೆ ದೊಡ್ಡವರು ಗಟ್ಟಿಯಾಗಿ ಓದಿ ಹೇಳುವುದು. ಓದುವಾಗ ಒಂದೆರಡು ಕಡೆ ನಿಲ್ಲಿಸಿ ‘ಈಗ ಇವನು ಏನು ಮಾಡಬಹುದು?’, ‘ಅವಳಿಗೆ ಏಕೆ ಸಿಟ್ಟು ಬಂತು?’ ಎಂದು ಕೇಳುವುದು, ಮಗುವಿಗೆ ಹೊಸದಾದ ಮೂರು ನಾಲ್ಕು ಪದಗಳನ್ನು ಮಾತ್ರ ಆಯ್ದು ವಿವರಿಸುವುದು, ಮರುದಿನ ಊಟದ ಹೊತ್ತಿನಲ್ಲಿ ಆ ಪದವನ್ನು ಬಳಸುವುದು, ಕೊನೆಗೆ ಕಥೆಯನ್ನು ಮಗುವಿನ ಬಾಯಿಂದ ಹೇಳಿಸುವುದು, ಇಷ್ಟು ಸಾಕು. ಪ್ರತಿ ಸಾಲಿಗೂ ಪ್ರಶ್ನೆ ಕೇಳಿದರೆ ಕಥೆ ಪರೀಕ್ಷೆಯಾಗಿಬಿಡುತ್ತದೆ. ಅಕ್ಷರ ಬಾರದ ತಂದೆ ತಾಯಂದಿರು ಇದರಿಂದ ಹೊರಗೆ ಉಳಿಯಬೇಕಾಗಿಲ್ಲ: ಅಜ್ಜಿ ಹೇಳುವ ಕಥೆಯೂ ಒಗಟೂ ಮಗುವಿನ ಗ್ರಹಿಕೆಯನ್ನು ಬೆಳೆಸುತ್ತವೆ, ‘ಇವತ್ತು ಓದಿದ್ದನ್ನು ನನಗೆ ಹೇಳು ಕಂದಾ’ ಎಂದು ಕುತೂಹಲದಿಂದ ಕೇಳುವ ತಾಯಿ ಒಬ್ಬ ಒಳ್ಳೆಯ ಶಿಕ್ಷಕಿಯ ಕೆಲಸವನ್ನೇ ಮಾಡುತ್ತಿರುತ್ತಾಳೆ.

ಪುಸ್ತಕಗಳು ಎಲ್ಲಿ ಸಿಗುತ್ತವೆ ಎಂಬ ಪ್ರಶ್ನೆಗೆ ಹಿಂದಿಗಿಂತ ಈಗ ಉತ್ತರ ಸುಲಭ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಓದಿನ ಹಂತಕ್ಕೆ ತಕ್ಕಂತೆ ವಿಂಗಡಣೆಯಾಗಿ ಉಚಿತವಾಗಿ ಸಿಗುತ್ತವೆ. ಹೊರನಾಡಿನ ಕನ್ನಡ ಕುಟುಂಬಗಳಿಗೆ ಇದು ದೊಡ್ಡ ಆಸರೆ. ಪುಟವೊಂದರಲ್ಲಿ ಮಗುವಿಗೆ ತೊಡಕಾಗುವ ಪದಗಳು ನಾಲ್ಕೈದಕ್ಕಿಂತ ಹೆಚ್ಚಿದ್ದರೆ ಆ ಪುಸ್ತಕವನ್ನು ನೀವು ಓದಿ ಹೇಳಿ. ಕಡಿಮೆ ಇದ್ದರೆ ಮಗು ಓದಲಿ, ನೀವು ಕೇಳಿ.

ಇಷ್ಟೆಲ್ಲ ಮಾಡಿದರೂ ಕೆಲವು ಮಕ್ಕಳಿಗೆ ಓದು ಹತ್ತುವುದಿಲ್ಲ. ಅವರ ಸಂಖ್ಯೆಯನ್ನು ಇಡೀ ವ್ಯವಸ್ಥೆಯ ಹಿನ್ನಡೆಯೊಂದಿಗೆ ಬೆರೆಸಬಾರದು: ಮಕ್ಕಳ ಓದು ಮತ್ತು ಲೆಕ್ಕದ ಮಟ್ಟವನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಲ್ಲಿ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೇ ತರಗತಿಯ ಮಕ್ಕಳ ಪೈಕಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ. 23.4 ಮಾತ್ರ, ಉಳಿದವರಲ್ಲಿ ಬಹುಪಾಲು ಮಕ್ಕಳಿಗೆ ಬೇಕಾದದ್ದು ಸರಿಯಾದ ಬೋಧನೆ ಮತ್ತು ಪುಸ್ತಕ. ಆದರೆ ಒಳ್ಳೆಯ ಬೋಧನೆ ಸಿಕ್ಕಿಯೂ ಮೂರನೇ ತರಗತಿಯ ಹೊತ್ತಿಗೆ ಸರಳ ಗುಣಿತಾಕ್ಷರಗಳಲ್ಲೇ ತೊಳಲಾಡುವ, ನಿನ್ನೆ ಓದಿದ ಪದವನ್ನು ಇಂದು ಹೊಸದೆಂಬಂತೆ ನೋಡುವ, ಆದರೆ ಕೇಳಿದ ಕಥೆಯನ್ನು ಚೆನ್ನಾಗಿ ಹೇಳುವ ಮಗುವಿಗೆ ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಮಾಡಿಸಬೇಕು. ಅವು ಸರಿಯಿದ್ದರೆ ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಚುರುಕಾಗಿದ್ದೂ ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ಕಾಡುವ ತೊಂದರೆ, ಇದೆಯೇ ಎಂದು ತಜ್ಞರಿಂದ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಅನುಕೂಲವಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಈ ನ್ಯೂನತೆಯನ್ನು ಗುರುತಿಸಿದ್ದು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯಗಳನ್ನು ಪೋಷಕರು ಶಾಲೆಯಲ್ಲಿ ಕೇಳಿ ಪಡೆಯಬಹುದು. ತಪಾಸಣೆಯ ದಿನ ಮಗುವಿನ ಕನ್ನಡ ನೋಟ್‌ಪುಸ್ತಕಗಳನ್ನೂ, ಅದು ಯಾವ ಪದವನ್ನು ಹೇಗೆ ಓದುತ್ತದೆ ಎಂದು ಶಿಕ್ಷಕರು ಬರೆದುಕೊಟ್ಟ ಟಿಪ್ಪಣಿಯನ್ನೂ ಜೊತೆಗೆ ಕೊಂಡೊಯ್ದರೆ ತಜ್ಞರಿಗೆ ತೊಂದರೆಯ ಮೂಲವನ್ನು ಗುರುತಿಸಲು ನೆರವಾಗುತ್ತದೆ.